ಇಲಿ ಡಾಕ್ಟ್ರಮ್ಮ ಮತ್ತು ನೆನೆಸಿದ ತಿನಿಸು

ನಮ್ಮ ಸಂಸ್ಥೆಯಲ್ಲಿ ಕೊನೆಯ ಬಾಗಿಲಿನ ಆಚೆಗೆ ಯಾರೂ ಒಬ್ಬರೇ ಹೋಗುವ ಹಾಗಿಲ್ಲ. ಅಲ್ಲಿರುವುದು ಮದ್ದಿಲ್ಲದ ಜ್ವರಗಳ ವೈರಸ್ಸು. ಜೋಡಿ ಬೇಕೇ ಬೇಕು. ಒಬ್ಬರ ಪ್ಲಾಸ್ಟಿಕ್ ಸೂಟಿಗೆ ಇನ್ನೊಬ್ಬರು ಗಾಳಿ ತುಂಬಿ, ಬೆನ್ನು, ಕಂಕುಳು, ಕೈಗವಸಿನ ಅಂಚು, ಜಿಪ್ಪಿನ ಕೊನೆ ಎಲ್ಲ ತಡವಿ, ಎಲ್ಲೂ ತೂತಿಲ್ಲ ಎಂದು ಖಾತ್ರಿಯಾದ ಮೇಲೆಯೇ ಒಳಗೆ ಕಾಲಿಡಬೇಕು. ಗಂಡಹೆಂಡತಿಯೂ ಒಬ್ಬರನ್ನೊಬ್ಬರು ಇಷ್ಟು ಗಮನವಿಟ್ಟು ನೋಡಿರಲಾರರು. ನನ್ನ ಜೋಡಿ ಇಲಿ ಡಾಕ್ಟ್ರಮ್ಮ. ವರ್ಷಗಟ್ಟಲೆ ಅವರ ಬೆನ್ನು ತಡವಿದವಳು ನಾನು, ಹಾಗಾಗಿ ಅವರ ಕಥೆ ಹೇಳುವ ಅಧಿಕಾರ ನನಗಿದೆ. ಅವರು ಬೇಡವೆಂದರೂ ಹೇಳುತ್ತೇನೆ.

ಇಲಿ ಡಾಕ್ಟ್ರಮ್ಮ ಎಂದರೆ ಪಶುವೈದ್ಯೆ. ದನ ಕುದುರೆ ನೋಡಲು ಕಲಿತವರು ಅದು ಹೇಗೋ ಬಂದು ನಮ್ಮ ಪ್ರಾಣಿಮನೆ ಸೇರಿಕೊಂಡರು. ಅವರ ಕೆಲಸವೇ ವಿಚಿತ್ರ. ಬೇರೆ ಡಾಕ್ಟರುಗಳ ಹತ್ತಿರ ಕಾಯಿಲೆಯವರು ಬಂದು ಗುಣವಾಗಿ ಹೋಗುತ್ತಾರೆ. ಇವರ ಹತ್ತಿರ ಗುಂಡುಕಲ್ಲಿನ ಹಾಗಿರುವ ಪ್ರಾಣಿಗಳು ಬಂದು ಕಾಯಿಲೆ ಬೀಳುತ್ತವೆ. ಬೀಳಿಸುವುದು ವಿಜ್ಞಾನಿಗಳ ಕೆಲಸ, ಬಿದ್ದ ಮೇಲೆ ಅವು ಸುಮ್ಮಸುಮ್ಮನೆ ನರಳದಂತೆ ನೋಡಿಕೊಳ್ಳುವುದು ಇವರ ಕೆಲಸ. ಅವರ ತಾಯಿಗೆ ಇದು ಇಂದಿಗೂ ಗಂಟಲಲ್ಲಿ ಇಳಿದಿಲ್ಲ. ಮಗಳ ಎದುರಿಗೇ ನನಗೆ ದೂರು ಹೇಳುತ್ತಾರೆ: ಮನುಷ್ಯರ ಡಾಕ್ಟರಾಗು ಎಂದೆ, ಕೇಳಲಿಲ್ಲ, ಹೋಗಲಿ, ದನದ ಡಾಕ್ಟರಾಗಿಯಾದರೂ ಇದ್ದಿದ್ದರೆ ನಾಲ್ಕು ಜನ ಬಾಗಿಲಿಗೆ ಬರುತ್ತಿದ್ದರು, ಇವಳು ಬೆಟ್ಟ ಅಗೆದು ಇಲಿ ಹಿಡಿದಳು. ಈ ಗಾದೆ ಇಷ್ಟು ಅಳತೆಗೆ ಸರಿಯಾಗಿ ಕೂರುವ ಇನ್ನೊಂದು ಮನೆ ಇರಲಾರದು.

ಒಳಗೆ ಸೂಟಿನ ಗಾಳಿಯ ಮೊರೆತದಲ್ಲಿ ಮಾತು ಕೇಳಿಸುವುದಿಲ್ಲ. ಎಲ್ಲವೂ ಕೈಸನ್ನೆಯಲ್ಲೇ. ಹೆಬ್ಬೆರಳು ಎತ್ತಿದರೆ ಸರಿಯಿದೆ, ಎದೆ ತಟ್ಟಿದರೆ ಹೊರಗೆ ಹೋಗೋಣ. ಡಾಕ್ಟ್ರಮ್ಮ ಇದಕ್ಕೆ ತಮ್ಮದೊಂದು ಸನ್ನೆ ಸೇರಿಸಿದ್ದರು. ತೋರುಬೆರಳಿನಿಂದ ಗಾಳಿಯಲ್ಲಿ ಉದ್ದಕ್ಕೆ ಒಂದು ಗೀಟು ಎಳೆದರೆ ನಮ್ಮ ಮುಖ್ಯ ವಿಜ್ಞಾನಿಗಳು ಗಾಜಿನಾಚೆ ನಿಂತು ನೋಡುತ್ತಿದ್ದಾರೆ ಎಂದರ್ಥ. ಅವರಿಗೆ ನಾವಿಟ್ಟ ಹೆಸರು ಗೀಟು ಸಾಹೇಬರು. ಔಷಧಿ ಕೊಟ್ಟ ಪ್ರಾಣಿಗಳು ಎಷ್ಟು ಉಳಿದವು ಎಂದು ಕಾಗದದ ಮೇಲೆ ಒಂದು ಗೀಟು, ಕೊಡದವು ಎಷ್ಟು ಉಳಿದವು ಎಂದು ಇನ್ನೊಂದು. ಎರಡೂ ಒಂದೇ ಕಡೆಯಿಂದ ಹೊರಟು ಬೇರೆಯಾಗಬೇಕು; ಒಂದು ಮೇಲೆಯೇ ನಿಲ್ಲಬೇಕು, ಇನ್ನೊಂದು ನೆಲ ಕಚ್ಚಬೇಕು. ಹಾಗಾದ ದಿನ ಸಾಹೇಬರು ಎಲ್ಲರಿಗೂ ಟೀ ಕೊಡಿಸುತ್ತಿದ್ದರು. ನಮ್ಮಲ್ಲಿ ಅಂಥ ದಿನಗಳು ಅಪರೂಪ, ಹಾಗಾಗಿ ಅವರ ಧಾರಾಳತನಕ್ಕೆ ಏನೂ ಧಕ್ಕೆಯಿರಲಿಲ್ಲ.

ನಾನು ಹೇಳುತ್ತಿರುವುದು ಗಡಿಜ್ವರದ ಮಾತು. ಗಡಿಯ ಹಳ್ಳಿಗಳಲ್ಲಿ ಹುಲ್ಲು ಒಣಗುವ ಕಾಲಕ್ಕೆ ಏಳುವ ಜ್ವರ ಅದು. ಮೊದಲು ಸೊಂಟನೋವು, ಕೆಂಪು ಕಣ್ಣು. ಆಮೇಲೆ ವಾಂತಿ, ಭೇದಿ. ಕೊನೆಗೆ ಒಸಡಿನಿಂದಲೂ ಸೂಜಿ ಚುಚ್ಚಿದ ಜಾಗದಿಂದಲೂ ನಿಲ್ಲದ ರಕ್ತ. ದನದ ಮೈಯ ಉಣ್ಣೆಹುಳದಿಂದ ಬಂತು ಎಂದು ಕೆಲವರು, ಬಾವಲಿಯಿಂದ ಎಂದು ಕೆಲವರು, ಆ ಜಗಳ ಇನ್ನೂ ಮುಗಿದಿಲ್ಲ. ಡಾಕ್ಟ್ರಮ್ಮನ ತಮ್ಮ ಅಲ್ಲಿಯ ಜ್ವರದಾಸ್ಪತ್ರೆಯಲ್ಲಿ ನರ್ಸು. ಅವನು ಕೂಸಾಗಿದ್ದಾಗಲೇ ತಂದೆ ತೀರಿಕೊಂಡು ತಾಯಿ ದುಡಿಯಲು ಹೊರಟದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ಹಿಂದಿನ ವರ್ಷ ಅವನ ವಾರ್ಡಿನಲ್ಲೇ ಇದ್ದ ಇನ್ನೊಬ್ಬ ನರ್ಸು ಅದೇ ಜ್ವರ ತಗಲಿ ಹೋಗಿಬಿಟ್ಟಳು. ಅಂದಿನಿಂದ ಡಾಕ್ಟ್ರಮ್ಮನಿಗೆ ಒಂದೇ ಹಟ. ಮತ್ತೆ ಹುಲ್ಲು ಒಣಗುವ ಮೊದಲು ಆ ವಾರ್ಡಿಗೆ ಔಷಧಿ ಮುಟ್ಟಬೇಕು.

ಔಷಧಿ ಇರಲಿಲ್ಲವೆಂದಲ್ಲ. ನಮ್ಮ ಫ್ರಿಜ್ಜಿನಲ್ಲೇ ಸೀಸೆಗಟ್ಟಲೆ ಇತ್ತು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ವೈರಸ್ಸನ್ನು ಅದು ಚೆನ್ನಾಗಿಯೇ ಕೊಲ್ಲುತ್ತಿತ್ತು. ಆದರೆ ತಟ್ಟೆಯಲ್ಲಿ ಗೆದ್ದದ್ದನ್ನು ಮನುಷ್ಯರಿಗೆ ಚುಚ್ಚಲು ಔಷಧಿ ಮಂಡಳಿ ಬಿಡುವುದಿಲ್ಲ, ಬಿಡಲೂಬಾರದು. ಅದೇ ಜ್ವರ ಬರುವ ಒಂದು ಪ್ರಾಣಿ ಬೇಕು, ಔಷಧಿ ಅದರ ಜೀವ ಉಳಿಸಿ ತೋರಿಸಬೇಕು. ಆ ಪ್ರಾಣಿಯನ್ನು ಹುಡುಕುವುದರಲ್ಲೇ ನಮ್ಮ ಆಯುಸ್ಸು ಸವೆಯಿತು.

ಬಿಳಿ ಇಲಿಗಳಿಗೆ ವೈರಸ್ಸು ಕೊಟ್ಟೆವು. ಆಳೆತ್ತರದ ಗಂಡಸರನ್ನು ಉರುಳಿಸಿದ ವೈರಸ್ಸಿಗೆ ಅವು ಒಂದು ಸೀನನ್ನೂ ಸೀನಲಿಲ್ಲ. ತಿಂದವು, ಓಡಾಡಿದವು, ಕೆಲವು ಮೊದಲಿಗಿಂತ ದಪ್ಪಗಾದವು. ರೋಗ ತಡೆಯುವ ಶಕ್ತಿಯನ್ನೇ ಕಿತ್ತು ಹುಟ್ಟಿಸಿದ ಇಲಿಗಳನ್ನು ತರಿಸಿದೆವು. ಅವು ಬಾಗಿಲು ಜೋರಾಗಿ ಹಾಕಿದರೂ ಸಾಯುವಂಥವು, ಸತ್ತವು ಕೂಡ. ಆದರೆ ಮನುಷ್ಯರಿಗೆ ಬರುವ ಕಾಯಿಲೆಯ ಒಂದು ಲಕ್ಷಣವೂ ಅವುಗಳಲ್ಲಿ ಕಾಣಲಿಲ್ಲ. ಗಿನಿ ಪಿಗ್‌ಗಳಿಗೆ ಒಂದಿಷ್ಟು ಮೈ ಬಿಸಿಯಾಗಿ ಇಳಿದುಹೋಯಿತು. ಮಂಗಗಳಲ್ಲಿ ಸರಿಯಾಗಿ ಬರಬಹುದು ಎನ್ನುತ್ತಿದ್ದರು, ಆದರೆ ನಮ್ಮ ಕಟ್ಟಡದಲ್ಲಿ ಮಂಗಗಳಿಗೆ ಜಾಗವಿರಲಿಲ್ಲ. ಇರೋ ಒಬ್ಬರು ಸಾಲದಾ ಎಂದು ಡಾಕ್ಟ್ರಮ್ಮ ಬಟ್ಟೆ ಬದಲಿಸುವ ಕೋಣೆಯಲ್ಲಿ ಅಂದದ್ದು ನಮ್ಮಿಬ್ಬರ ನಡುವೆಯೇ ಇರಲಿ. ಪ್ರತಿಸಲವೂ ಸೂಟಿನಲ್ಲೇ ಔಷಧಿ ನೀರಿನ ಷವರಿನಲ್ಲಿ ನಿಂತು, ಸೂಟು ಕಳಚಿ, ಸ್ನಾನ ಮಾಡಿ, ಹೊರಗೆ ಬಂದು, ಏನೂ ಆಗಲಿಲ್ಲ ಎಂದು ಹೇಳುವುದು. ಪ್ರಾಣಿ ಸಾಯಲಿಲ್ಲವೆಂದು ಪಶುವೈದ್ಯೆಯೊಬ್ಬಳು ಬೇಸರಪಟ್ಟುಕೊಳ್ಳಬೇಕಾದ ಜಾಗ ಇದೊಂದೇ ಇರಬೇಕು, ಮತ್ತು ಆ ಬೇಸರಕ್ಕೆ ನಾಚಿಕೆಪಟ್ಟುಕೊಳ್ಳುವ ಕೆಲಸ ಬೇರೆ.

ಕೊನೆಗೆ ಒಲಿದದ್ದು ಹ್ಯಾಮ್‌ಸ್ಟರ್. ಅಂಗೈಯಲ್ಲಿ ಹಿಡಿಸುವ, ಬಾಲ ಇದ್ದೂ ಇಲ್ಲದಂತಿರುವ, ಕೆನ್ನೆಯ ಚೀಲದಲ್ಲಿ ತಿನಿಸು ತುರುಕಿಕೊಳ್ಳುವ ದುಂಡನೆಯ ಪ್ರಾಣಿ. ಅದಕ್ಕೆ ಜ್ವರ ಬಂತು, ಭೇದಿಯಾಯಿತು, ಮೂಗಿನ ತುದಿಯಲ್ಲಿ ರಕ್ತ ಕಂಡಿತು. ಮೊದಲ ಪರೀಕ್ಷೆಯಲ್ಲಿ ಹೆಚ್ಚುಕಮ್ಮಿ ಎಲ್ಲವೂ ಸತ್ತವು. ಗೀಟು ಸಾಹೇಬರು ಆ ದಿನ ಸಂಸ್ಥೆಯಲ್ಲಿ ಕಂಡಕಂಡವರ ಕೈ ಕುಲುಕಿದರು. ಡಾಕ್ಟ್ರಮ್ಮ ಮಾತ್ರ ಪಂಜರಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಏನನ್ನೋ ನೋಡುತ್ತಿದ್ದರು. ಹೊರಗೆ ಬಂದ ಮೇಲೆ ಹೇಳಿದರು: ನೀರಿನ ಬಾಟಲಿ ಪಂಜರದ ಮೇಲ್ಗಡೆ ತೂಗುತ್ತದೆ, ತಿನಿಸಿನ ಬುಟ್ಟಿಯೂ ಮೇಲೇ. ಗಟ್ಟಿಯಿರುವ ಪ್ರಾಣಿ ಎದ್ದು ನಿಂತು ಕುಡಿಯುತ್ತದೆ. ಕಾಯಿಲೆ ಬಿದ್ದದ್ದು ಏಳಲಾರದು. ಅಂದರೆ ಇವು ಜ್ವರದಲ್ಲೂ ಸಾಯುತ್ತಿವೆ, ಬಾಯಾರಿಕೆಯಲ್ಲೂ ಸಾಯುತ್ತಿವೆ.

ಪ್ರಾಣಿಗಳ ಯೋಗಕ್ಷೇಮ ನೋಡುವ ಸಮಿತಿ ನಮ್ಮಲ್ಲಿದೆ. ಅದರಲ್ಲಿ ಪಶುವೈದ್ಯರ ಒಪ್ಪಿಗೆಯಿಲ್ಲದೆ ಯಾವ ಪ್ರಯೋಗವೂ ನಡೆಯುವಂತಿಲ್ಲ. ಔಷಧಿಯ ದೊಡ್ಡ ಪರೀಕ್ಷೆಯ ವಿಷಯ ಬಂದಾಗ ಡಾಕ್ಟ್ರಮ್ಮ ಒಂದೇ ಕರಾರು ಹಾಕಿದರು. ಯಾವ ಪ್ರಾಣಿ ಏಳಲಾರದೋ ಅದರ ಮುಂದೆ, ನೆಲದ ಮೇಲೆಯೇ, ನೀರಲ್ಲಿ ನೆನೆಸಿ ಮೆತ್ತಗೆ ಮಾಡಿದ ತಿನಿಸು ಒಂದು ಪುಟ್ಟ ತಟ್ಟೆಯಲ್ಲಿ ಇಡಬೇಕು. ಔಷಧಿ ಸಿಕ್ಕ ಪ್ರಾಣಿಗೂ ಇಡಬೇಕು, ಸಿಗದ ಪ್ರಾಣಿಗೂ ಇಡಬೇಕು. ಇದರಿಂದ ಏನು ಮಹಾ ವ್ಯತ್ಯಾಸವಾದೀತು ಎಂದು ಸಾಹೇಬರು ಒಪ್ಪಿದರು. ಅವರು ಒಪ್ಪಿದ್ದು ನನ್ನೆದುರಿಗೇ, ನಗುನಗುತ್ತಾ. ಆಮೇಲೆ ತಾವು ಒಪ್ಪಿಯೇ ಇರಲಿಲ್ಲವೆಂಬಂತೆ ಆಡಿದರು, ಅದಕ್ಕೇ ಹೇಳಿದೆ.

ಪರೀಕ್ಷೆ ಶುರುವಾಯಿತು. ದಿನಾ ನಾವಿಬ್ಬರೂ ಪಂಜರದಿಂದ ಪಂಜರಕ್ಕೆ ಹೋಗಿ ರೋಮ ಕೆದರಿದೆಯೇ, ಬೆನ್ನು ಗೂನಾಗಿದೆಯೇ, ಮುಟ್ಟಿದರೆ ಅಲುಗುತ್ತದೆಯೇ ಎಂದು ನೋಡುವುದು. ಬಿದ್ದದ್ದರ ಮುಂದೆ ತಟ್ಟೆ. ತಟ್ಟೆಯ ಅಂಚಿಗೆ ಗದ್ದ ಊರಿ, ಕಣ್ಣು ಮುಚ್ಚಿಕೊಂಡೇ ಮೆತ್ತನೆಯ ತಿನಿಸು ನೆಕ್ಕುತ್ತಿದ್ದ ಒಂದು ಕಂದುಬಣ್ಣದ ಪ್ರಾಣಿ ನನಗೆ ಇನ್ನೂ ನೆನಪಿದೆ. ಅದು ಔಷಧಿ ಸಿಗದ ಗುಂಪಿನದು. ಇಂದು ಹೋಗುತ್ತದೆ, ನಾಳೆ ಹೋಗುತ್ತದೆ ಎಂದುಕೊಳ್ಳುತ್ತಿದ್ದೆವು. ಒಂದು ಬೆಳಿಗ್ಗೆ ನೋಡಿದರೆ ಎದ್ದು ಕೂತು ಮೀಸೆ ಉಜ್ಜಿಕೊಳ್ಳುತ್ತಿದೆ. ಅದರ ಪಕ್ಕದ್ದೂ ಎದ್ದಿತು, ಅದರಾಚೆಯದ್ದೂ ಎದ್ದಿತು. ಪರೀಕ್ಷೆ ಮುಗಿಯುವ ಹೊತ್ತಿಗೆ ಔಷಧಿ ಸಿಕ್ಕವುಗಳಲ್ಲಿ ಬಹುಪಾಲು ಬದುಕಿದ್ದವು, ಸಿಗದವುಗಳಲ್ಲೂ ಬಹುಪಾಲು ಬದುಕಿದ್ದವು. ಎರಡು ಗೀಟುಗಳೂ ಅಂಟಿಕೊಂಡ ಅವಳಿಜವಳಿಗಳ ಹಾಗೆ ಕೊನೆತನಕ ಒಟ್ಟಿಗೇ ಹೋದವು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸಾಹೇಬರು ಮೊದಲು ವೈರಸ್ಸು ಸೊರಗಿದೆ ಎಂದು ಅನುಮಾನಿಸಿ ಅದನ್ನು ಮತ್ತೆ ಪರೀಕ್ಷಿಸಿದರು. ವೈರಸ್ಸು ಹುಲಿಯ ಹಾಗಿತ್ತು. ಆಮೇಲೆ ಸೀಸೆ ಅದಲುಬದಲಾಗಿದೆ ಎಂದು ನನ್ನ ಮೇಲೆ ಹಾರಾಡಿದರು. ಸೀಸೆ ಸರಿಯಾಗಿಯೇ ಇತ್ತು. ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆದರೆ ಕಾಗದ ಹೊತ್ತಿಕೊಳ್ಳುತ್ತದೆ. ಕೊನೆಗೆ ಡಾಕ್ಟ್ರಮ್ಮನೇ ಹೇಳಿದರು, ಬದಲಾಗಿರುವುದು ತಟ್ಟೆಯೊಂದೇ, ನೆನೆಸಿದ ತಿನಿಸು ಅವನ್ನು ಉಳಿಸಿದೆ ಎಂದು. ಹೇಳುವಾಗ ಅವರ ಮುಖದಲ್ಲಿ ಸಂತೋಷವೇ ಇತ್ತು. ಮದ್ದಿಲ್ಲದ ಜ್ವರದಲ್ಲಿ ಹೊತ್ತಿಗೆ ಸರಿಯಾಗಿ ಒಂದಿಷ್ಟು ನೀರು, ಒಂದಿಷ್ಟು ಮೆತ್ತನೆಯ ಆಹಾರ ಹೊಟ್ಟೆಗೆ ಬಿದ್ದರೆ ಜೀವ ಉಳಿಯಬಹುದು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲಾ ಹುಡುಕಿದೆವಲ್ಲ ಎಂದು ನನಗೂ ಅನ್ನಿಸಿತು.

ಸಾಹೇಬರಿಗೆ ಅನ್ನಿಸಲಿಲ್ಲ. ನೀರನ್ನು ಯಾವ ಮಂಡಳಿಯೂ ಮಂಜೂರು ಮಾಡಬೇಕಿಲ್ಲ, ನೀರಿನ ಮೇಲೆ ಯಾರೂ ಪ್ರಬಂಧ ಓದುವುದಿಲ್ಲ, ಈ ಪರೀಕ್ಷೆ ಕೆಟ್ಟಿದೆ, ತಟ್ಟೆ ತೆಗೆದು ಮತ್ತೆ ಮಾಡಬೇಕು ಎಂದರು. ಡಾಕ್ಟ್ರಮ್ಮ ಆಗುವುದಿಲ್ಲ ಎಂದರು. ಔಷಧಿ ಚೆನ್ನಾಗಿ ಕಾಣಲಿ ಅಂತ ಪ್ರಾಣಿಗಳನ್ನು ಬಾಯಾರಿಸಿ ಸಾಯಿಸಲು ನನ್ನ ಒಪ್ಪಿಗೆಯಿಲ್ಲ ಎಂದು ಸಮಿತಿಯ ಎದುರಿಗೇ ಹೇಳಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದೂ ಸೇರಿಸಿದರು. ಅದನ್ನು ಸೇರಿಸದಿದ್ದರೆ ಸಾಹೇಬರು ಅಷ್ಟು ಕೆಂಪಾಗುತ್ತಿರಲಿಲ್ಲ. ಮಾತು ಅಲ್ಲಿಗೇ ನಿಂತಿತು. ಔಷಧಿ ಫ್ರಿಜ್ಜಿನಲ್ಲಿತ್ತು, ಗಡಿಯಲ್ಲಿ ಹುಲ್ಲು ಇನ್ನೂ ಹಸಿರಾಗಿತ್ತು, ನಾವು ಖಾಲಿ ಪಂಜರಗಳನ್ನು ತೊಳೆಯುತ್ತಾ ದಿನ ದೂಡುತ್ತಿದ್ದೆವು. ಡಾಕ್ಟ್ರಮ್ಮನೂ ಸಾಹೇಬರೂ ಎದುರುಬದುರು ಸಿಕ್ಕರೆ ಒಬ್ಬರು ಗೋಡೆ ನೋಡುವುದು, ಇನ್ನೊಬ್ಬರು ನೆಲ ನೋಡುವುದು.

ಅಷ್ಟರಲ್ಲಿ ಡಾಕ್ಟ್ರಮ್ಮನ ತಮ್ಮ ರಜೆಯ ಮೇಲೆ ಅಕ್ಕನ ಮನೆಗೆ ಬಂದ. ನನಗೂ ಊಟಕ್ಕೆ ಕರೆಯಿತ್ತು. ಅವರದು ಮೂರನೆಯ ಮಹಡಿಯ ಚಿಕ್ಕ ಮನೆ; ಅಡುಗೆಮನೆಯ ಮೇಜಿಗೆ ನಾಲ್ಕು ಕುರ್ಚಿ ಹಾಕಿದರೆ ಫ್ರಿಜ್ಜಿನ ಬಾಗಿಲು ತೆರೆಯಲಾಗುವುದಿಲ್ಲ. ತಾಯಿ ಮಗನ ತಟ್ಟೆಗೆ ಬಡಿಸುತ್ತಲೇ ಇದ್ದರು, ಮಗ ಸಾಕು ಎನ್ನುತ್ತಲೇ ಇದ್ದ. ಹೋದ ವರ್ಷ ನೋಡಿದ್ದಕ್ಕಿಂತ ಸೊರಗಿದ್ದ, ಆದರೆ ಬಾಯಿ ಮಾತ್ರ ಹಾಗೇ ಇತ್ತು. ಬಂದ ಕೂಡಲೇ ಅಕ್ಕನ ಹೆಗ್ಗಣಗಳ ಕ್ಷೇಮಸಮಾಚಾರ ವಿಚಾರಿಸಿದ. ಇದಕ್ಕೇ ಕಾದಿದ್ದವರಂತೆ ಡಾಕ್ಟ್ರಮ್ಮ ನೆನೆಸಿದ ತಿನಿಸಿನ ಕಥೆಯನ್ನೆಲ್ಲ ಹೇಳಿದರು. ಇಡೀ ಸಂಸ್ಥೆಯಲ್ಲಿ ಯಾರಿಗೂ ಅರ್ಥವಾಗದ್ದು ಇವನಿಗೆ ಅರ್ಥವಾಗುತ್ತದೆ, ಇವನು ತನ್ನ ಕಡೆ ನಿಲ್ಲುತ್ತಾನೆ ಎಂದು ಅವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಅವನು ನಕ್ಕುಬಿಟ್ಟ. ಅಣಕದ ನಗೆಯಲ್ಲ, ದಣಿದವರ ನಗೆ.

"ಅಕ್ಕಾ, ನೀರು ಕುಡಿಸಿದ್ರೆ ಬದುಕ್ತಾರೆ ಅಂತ ನಮಗೆ ಮೊದಲನೇ ವರ್ಷಾನೇ ಗೊತ್ತಾಯ್ತು. ಕುಡಿಸೋರು ಯಾರು?"

ಆಮೇಲೆ ವಾರ್ಡಿನ ಸಂಗತಿ ಹೇಳಿದ. ಊಟದ ಮಧ್ಯೆ ಬೇಡ ಎಂದು ತಾಯಿ ಎದ್ದುಹೋದರು, ಆದರೆ ಬಾಗಿಲ ಮರೆಯಲ್ಲೇ ನಿಂತಿದ್ದು ನನಗೆ ಕಾಣುತ್ತಿತ್ತು. ಅವರ ಸೂಟಿಗೆ ನಮ್ಮ ಹಾಗೆ ಗಾಳಿಯ ಕೊಳವೆಯಿಲ್ಲ. ಹಾಕಿಕೊಂಡ ಸ್ವಲ್ಪ ಹೊತ್ತಿಗೆಲ್ಲ ಬೆವರು ಬೂಟಿನೊಳಗೆ ಇಳಿಯುತ್ತದೆ, ತಲೆ ಸುತ್ತುತ್ತದೆ, ಹೊರಗೆ ಬರಲೇಬೇಕು. ಉದ್ದದ ಹಜಾರದ ತುಂಬ ಹಾಸಿಗೆ, ನೋಡಿಕೊಳ್ಳಲು ಒಂದು ಪಾಳಿಗೆ ಇಬ್ಬರು. ಮನೆಯವರನ್ನು ಒಳಗೆ ಬಿಡುವಂತಿಲ್ಲ. ಪ್ರತಿ ಹಾಸಿಗೆಯ ಪಕ್ಕದಲ್ಲೂ ಸ್ಟೂಲು, ಸ್ಟೂಲಿನ ಮೇಲೆ ಲೋಟದ ತುಂಬ ನೀರು ಇಟ್ಟು ಬರುತ್ತಾರೆ. ರೋಗಿ ಕೈ ಎತ್ತಲಾರ. ಮುಂದಿನ ಪಾಳಿಯವರು ಬಂದಾಗ ಲೋಟ ತುಂಬಿದ ಹಾಗೇ ಇರುತ್ತದೆ, ಕೆಲವು ಸಲ ಹಾಸಿಗೆ ಖಾಲಿಯಾಗಿರುತ್ತದೆ. ನರ್ಸುಗಳು ಬೇಕು ಎಂದು ಎಷ್ಟೋ ಸಲ ಕೇಳಿಕೊಂಡರಂತೆ. ನೀರು ಕುಡಿಸುವುದಕ್ಕೆ ನರ್ಸೇ, ಎಂದು ಮೇಲಿನವರು ಕೇಳಿದರಂತೆ.

ಡಾಕ್ಟ್ರಮ್ಮ ತಟ್ಟೆಯಿಂದ ಕೈ ತೆಗೆದರು. ಬಾಟಲಿ ಮೇಲೆ ತೂಗುವ ಪಂಜರ ಅವರ ಕಣ್ಣಮುಂದೆ ಬಂದಿರಬೇಕು. ನನಗಂತೂ ಬಂತು.

"ನಿನ್ನ ನೆನೆಸಿದ ತಿನಿಸು ತಿಂದ ಪ್ರಾಣಿ ಯಾವ ಆಸ್ಪತ್ರೆಯದು ಹೇಳು?" ತಮ್ಮ ಕೇಳಿದ. "ನಮ್ಮದಂತೂ ಅಲ್ಲ, ನಮ್ಮಲ್ಲಿ ಯಾರ ಬಾಯಿಗೂ ತಟ್ಟೆ ಬರಲ್ಲ. ನಮ್ಮ ವಾರ್ಡಲ್ಲಿ ಆ ಔಷಧಿ ಕೆಲಸ ಮಾಡುತ್ತಾ ಅಂತ ನೋಡಬೇಕಾದ್ರೆ ತಟ್ಟೆ ತೆಗೆದೇ ನೋಡಬೇಕು. ನಿಮ್ಮ ಸಾಹೇಬರು ಹೇಳಿದ್ದೇ ಸರಿ."

"ಅವರು ಆ ಕಾರಣಕ್ಕೆ ಹೇಳಲಿಲ್ಲ ಕಣೋ."

"ಯಾವ ಕಾರಣಕ್ಕಾದ್ರೂ ಹೇಳಲಿ. ಹುಲ್ಲು ಒಣಗೋಕೆ ಇನ್ನೆಷ್ಟು ದಿನ ಇದೆ?"

ಡಾಕ್ಟ್ರಮ್ಮನಿಗೆ ಸಿಟ್ಟು ಬಂತು. ತಮ್ಮನ ಮೇಲೆ ರೇಗಿದರು, ಆಸ್ಪತ್ರೆಯ ಮೇಲೆ ರೇಗಿದರು, ಇನ್ನಿಬ್ಬರು ನರ್ಸುಗಳನ್ನು ಕೊಡಲಾಗದ ಇಲಾಖೆಗೆ ಸೀಸೆಯ ಮೇಲೆ ದುಡ್ಡು ಸುರಿಯಲು ಬರುತ್ತದಲ್ಲ ಎಂದು ಕೂಗಾಡಿದರು. ತಾನು ಪ್ರಾಣಿಗಳಿಗೆ ಮಾಡಿದ ಒಂದೇ ಒಂದು ಒಳ್ಳೆಯ ಕೆಲಸವನ್ನು ತಾನೇ ಕಿತ್ತುಕೊಳ್ಳಬೇಕಾಯಿತಲ್ಲ ಎಂದರು. ತಾಯಿ ಬಾಗಿಲ ಮರೆಯಿಂದ ಬಂದು, ಮಗನ ತಟ್ಟೆ ತಣ್ಣಗಾಗಿದೆ ಎಂದು ಎತ್ತಿಕೊಂಡು ಹೋಗಿ ಮತ್ತೆ ಬಿಸಿ ಮಾಡಿ ತಂದರು.

ಮರುವಾರ ಅವರು ಸಮಿತಿಗೆ ಒಪ್ಪಿಗೆ ಕೊಟ್ಟರು. ಗೀಟು ಸಾಹೇಬರು ಗೆದ್ದವರ ಮುಖ ಮಾಡಿಕೊಂಡು ಏನೋ ಒಳ್ಳೆಯ ಮಾತು ಹೇಳಲು ಹೊರಟಾಗ ಡಾಕ್ಟ್ರಮ್ಮ ಅರ್ಧದಲ್ಲೇ ತಡೆದು ತಮ್ಮ ಕರಾರು ಹೇಳಿದರು. ತಟ್ಟೆ ಇಡುವುದಿಲ್ಲ. ಆದರೆ ಯಾವ ಪ್ರಾಣಿ ಇನ್ನು ಏಳುವುದಿಲ್ಲ ಎಂದು ತನಗೆ ಖಚಿತವಾಗುತ್ತದೋ ಅದನ್ನು ಆ ಗಳಿಗೆಯಲ್ಲೇ ನಿದ್ದೆಯ ಮದ್ದು ಕೊಟ್ಟು ಶಾಶ್ವತವಾಗಿ ಮಲಗಿಸುವುದು, ಸಾವಿನ ಲೆಕ್ಕಕ್ಕೆ ಅದು ಸಾಕು, ಬಾಯಾರಿ ಹೋಗುವವರೆಗೆ ಕಾಯುವಂತಿಲ್ಲ. ಮಲಗಿಸುವ ಕೆಲಸ ಬೇರೆ ಯಾರೂ ಮಾಡುವಂತಿಲ್ಲ, ತಾನೇ ಮಾಡಬೇಕು.

ಆ ಪರೀಕ್ಷೆಯ ದಿನಗಳು ನನಗೆ ಬೇಡವೇ ಬೇಡ. ಅದೇ ಕೋಣೆ, ಅದೇ ಪಂಜರಗಳು. ಬಿದ್ದ ಪ್ರಾಣಿಯೊಂದು ಮುಂಗಾಲು ಗೋಡೆಗೆ ಕೊಟ್ಟು ಬಾಟಲಿಯ ಕೊಳವೆಯತ್ತ ಮೂತಿ ಚಾಚುತ್ತದೆ, ನಡುಗುತ್ತದೆ, ಕುಸಿಯುತ್ತದೆ. ನಮ್ಮ ಕೈಯಳತೆಯ ದೂರದಲ್ಲೇ ನೀರಿದೆ, ಕೊಡುವಂತಿಲ್ಲ. ಡಾಕ್ಟ್ರಮ್ಮ ಒಂದೊಂದನ್ನೂ ಎತ್ತಿ, ಎದೆಗೆ ಒತ್ತಿಕೊಂಡಂತೆ ಹಿಡಿದು ಮಲಗಿಸುವ ಮದ್ದು ಕೊಡುತ್ತಿದ್ದರು. ಅಷ್ಟು ದಪ್ಪದ ಕೈಗವಸಿನೊಳಗೆ ಅದರ ಬಿಸಿ ಅವರಿಗೆ ತಿಳಿಯುತ್ತಿತ್ತೋ ಇಲ್ಲವೋ. ಒಮ್ಮೆ ನನ್ನ ಕೈ ತನ್ನಷ್ಟಕ್ಕೇ ತಿನಿಸಿನ ಡಬ್ಬಿಯ ಕಡೆ ಹೋಯಿತು. ಅವರು ನನ್ನ ಮಣಿಕಟ್ಟು ಹಿಡಿದು ತಡೆದರು. ಮುಖಗವಸಿನ ಪ್ಲಾಸ್ಟಿಕ್ಕಿನ ಹಿಂದೆ ಅವರ ಕಣ್ಣು ನೋಡಿದೆ. ಸೂಟಿನೊಳಗೆ ಕಣ್ಣೊರೆಸಿಕೊಳ್ಳಲಾಗುವುದಿಲ್ಲ, ಹಾಗೇ ಇಳಿಯಲು ಬಿಡಬೇಕು. ಗಾಜಿನಾಚೆ ಸಾಹೇಬರು ನಿಂತಿದ್ದರು. ಆ ದಿನ ಡಾಕ್ಟ್ರಮ್ಮ ಗೀಟು ಎಳೆಯಲಿಲ್ಲ.

ಈ ಸಲ ಗೀಟುಗಳು ಬೇರೆಯಾದವು. ಔಷಧಿ ಸಿಕ್ಕವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದವು, ಸಿಗದವುಗಳಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು. ಸಾಹೇಬರು ಟೀ ಕೊಡಿಸಿದರು, ಭಾಷಣವನ್ನೂ ಮಾಡಿದರು; ಭಾಷಣದಲ್ಲಿ ತಟ್ಟೆಯ ಸುದ್ದಿ ಬರಲಿಲ್ಲ. ಡಾಕ್ಟ್ರಮ್ಮ ಟೀ ಮುಟ್ಟಲಿಲ್ಲ. ತಟ್ಟೆಯಿಟ್ಟ ಪರೀಕ್ಷೆಯ ಫಲಿತಾಂಶವನ್ನೂ ಜೊತೆಗೆ ಮಂಡಳಿಗೆ ಕಳಿಸಿ ಎಂದು ಅವರು ಪಟ್ಟು ಹಿಡಿದದ್ದರಿಂದ ಅದೂ ಹೋಯಿತು, ಎಲ್ಲದರ ಕೊನೆಗೆ, ಸಣ್ಣ ಅಕ್ಷರದಲ್ಲಿ. ಅದನ್ನು ಓದಿದೆವು ಎಂದು ಹೇಳಿದವರು ನನಗೆ ಇನ್ನೂ ಸಿಕ್ಕಿಲ್ಲ. ಮಂಡಳಿ ತುರ್ತಿನ ಮೇಲೆ ಅನುಮತಿ ಕೊಟ್ಟಿತು. ಅಷ್ಟು ಹೊತ್ತಿಗೆ ಗಡಿಯಲ್ಲಿ ಹುಲ್ಲು ಒಣಗಿತ್ತು, ಜ್ವರ ಎದ್ದಿತ್ತು. ಸೀಸೆಗಳು ತಣ್ಣನೆಯ ಪೆಟ್ಟಿಗೆಯಲ್ಲಿ ಗಡಿಗೆ ಹೋದವು.

ಆಮೇಲಿನ ದಿನಗಳಲ್ಲಿ ಡಾಕ್ಟ್ರಮ್ಮ ಫೋನನ್ನು ಕೈಯಿಂದ ಕೆಳಗಿಡುತ್ತಿರಲಿಲ್ಲ. ಒಳಗೆ ಹೋಗುವಾಗ ಬೀರುವಿನಲ್ಲಿ ಇಡಲೇಬೇಕು, ಹೊರಗೆ ಬಂದವರೇ ಒದ್ದೆ ತಲೆಯಲ್ಲಿ ಅದನ್ನು ಹುಡುಕುತ್ತಿದ್ದರು. ತಮ್ಮನಿಗೆ ಮಾತಾಡಲು ಪುರುಸೊತ್ತಿರಲಿಲ್ಲ. ಚೆನ್ನಾಗಿದ್ದೇನೆ ಎಂದು ಎರಡು ಪದ ಬರೆದು ಕಳಿಸುತ್ತಿದ್ದ. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಿದ್ದಾಗ ಅವನ ಕರೆ ಬಂತು. ಡಾಕ್ಟ್ರಮ್ಮ ನನಗೂ ಕೇಳಿಸಲಿ ಎಂದು ಫೋನನ್ನು ಮೇಜಿನ ಮೇಲೆ ಇಟ್ಟರು.

ಜನ ಬದುಕುತ್ತಿದ್ದಾರೆ ಎಂದ. ಎಲ್ಲರೂ ಅಲ್ಲ, ಆದರೆ ಹಿಂದೆಂದೂ ಇಷ್ಟು ಜನ ನಡೆದುಕೊಂಡು ಮನೆಗೆ ಹೋದದ್ದಿಲ್ಲ. ನಿನ್ನೆ ಒಬ್ಬ ಮುದುಕಿ ಬೈದುಕೊಂಡು ಹೋದಳು, ಬೈಯುವಷ್ಟು ಶಕ್ತಿ ಬಂದಿತ್ತು. ಪೇಪರಿನವರು ಬಂದು ಔಷಧಿಯ ಸೀಸೆಯ ಫೋಟೋ ತೆಗೆದುಕೊಂಡು ಹೋದರು. ಡಾಕ್ಟ್ರಮ್ಮ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಅವರ ಹೆಗಲು ಕೆಳಗಿಳಿದದ್ದನ್ನು ಎಷ್ಟೋ ತಿಂಗಳ ಮೇಲೆ ನಾನು ನೋಡಿದೆ.

"ಅಂದ್ರೆ ಔಷಧಿ ಕೆಲಸ ಮಾಡ್ತಿದೆ," ಎಂದರು.

"ಮಾಡ್ತಿರಬಹುದು," ಎಂದ ತಮ್ಮ. "ಅದನ್ನ ದಿನಕ್ಕೆ ನಾಲ್ಕು ಸಲ, ಹೊತ್ತಿಗೆ ಸರಿಯಾಗಿ ಚುಚ್ಚಬೇಕಲ್ಲ ಅಕ್ಕಾ. ಬೆಲೆಬಾಳೋ ಔಷಧಿ, ಹೊತ್ತು ತಪ್ಪಿದ್ರೆ ದಂಡ ಅಂತ ಇಲಾಖೆಯವರು ಹೆದರಿ ಇಪ್ಪತ್ತು ಜನ ಹೊಸ ನರ್ಸುಗಳನ್ನ ಕಳಿಸಿದಾರೆ. ಈಗ ಪ್ರತಿ ಹಾಸಿಗೆ ಹತ್ರಾನೂ ಯಾರಾದ್ರೂ ಹೋಗ್ತಾನೇ ಇರ್ತಾರೆ. ಹೋದೋರು ಚುಚ್ಚಿ ಸುಮ್ನೆ ಬರ್ತಾರಾ? ತಲೆ ಎತ್ತಿ ಹಿಡಿದು ನೀರು ಕುಡಿಸಿ ಬರ್ತಾರೆ."

ಕ್ಯಾಂಟೀನಿನ ಗದ್ದಲ ಆಗ ನನಗೆ ಕೇಳಿಸಲಿಲ್ಲ. ನೀರಿಗೆ ಸಿಗದ ನರ್ಸು ಸೂಜಿಗೆ ಸಿಕ್ಕಿದ್ದಳು. ಇದಕ್ಕಾಗಿ ಬಿಳಿ ಇಲಿ, ಗಿನಿ ಪಿಗ್, ಹ್ಯಾಮ್‌ಸ್ಟರ್, ನಮ್ಮ ಇಷ್ಟು ವರ್ಷ, ಆ ಒಣ ಪಂಜರಗಳು. ಎದುರಿಗೆ ಗೀಟು ಸಾಹೇಬರು ಸಿಕ್ಕಿದ್ದರೆ ಊಟದ ತಟ್ಟೆ ಎಸೆಯುತ್ತಿದ್ದೆನೋ ಏನೋ, ಆದರೆ ಪಾಪ, ಇದರಲ್ಲಿ ಅವರದೂ ಏನು ತಪ್ಪು ಎಂದು ಹುಡುಕಿದರೆ ಅದೂ ಕೈಗೆ ಸಿಗುತ್ತಿರಲಿಲ್ಲ.

ಡಾಕ್ಟ್ರಮ್ಮ ಫೋನಿನ ಹತ್ತಿರಕ್ಕೆ ಬಾಗಿದರು. ಅವರೊಳಗಿನ ಪ್ರಯೋಗಾಲಯದವಳು ಇನ್ನೂ ಎದ್ದು ಕೂತಿದ್ದಳು.

"ಹಾಗಾದ್ರೆ ಅವರನ್ನ ಉಳಿಸ್ತಿರೋದು ಯಾವುದೋ? ಔಷಧೀನೋ, ನೀರೋ?"

"ನನಗೆ ಹೇಗೆ ಗೊತ್ತಾಗುತ್ತೆ ಅಕ್ಕಾ? ಎರಡನ್ನೂ ಕೊಡ್ತಿದೀವಿ. ಗೊತ್ತಾಗಲೇಬೇಕು ಅಂದ್ರೆ ಅರ್ಧ ಜನಕ್ಕೆ ನೀರು ನಿಲ್ಲಿಸಬೇಕು." ಅವನ ದನಿಯಲ್ಲಿ ಕುಹಕವಿರಲಿಲ್ಲ, ಪಾಳಿ ಮುಗಿದವರ ಸುಸ್ತು ಮಾತ್ರ ಇತ್ತು. "ಹೇಳು, ಯಾವ ಹಾಸಿಗೆಯಿಂದ ಶುರು ಮಾಡ್ಲಿ?"

ಡಾಕ್ಟ್ರಮ್ಮ ತಮ್ಮ ಎರಡೂ ಅಂಗೈಗಳನ್ನು ಮೇಜಿನ ಮೇಲಿಟ್ಟುಕೊಂಡು ನೋಡುತ್ತಾ ಕೂತರು. ಆ ಕಡೆಯಿಂದ ತಮ್ಮ ಎರಡು ಸಲ ಅಕ್ಕಾ, ಅಕ್ಕಾ ಎಂದ. ಆಮೇಲೆ ಯಾರೋ ಅವನನ್ನು ಕರೆದರು, ಅವನು ಹೋದ.